ಒಪ್ಪದವರಿಗೆ ಚಹಾ

ಅಣ್ಣಾ,

ಬೆಳಿಗ್ಗೆ ಅಂಗಡಿ ತೆಗೆದು ಮೊದಲು ಮಾಡುವ ಕೆಲಸ ಇವತ್ತಿಗೂ ಅದೇ. ಬಾಗಿಲ ಪಕ್ಕ ಗೋಡೆಗೆ ಒರಗಿಸಿದ ಶಹಾಬಾದ್ ಕಲ್ಲನ್ನು ಒದ್ದೆ ಬಟ್ಟೆಯಿಂದ ಒರೆಸುವುದು. ನಮ್ಮ ವಾಡಿ ಊರಿನ ಸಿಮೆಂಟ್ ಕಾರ್ಖಾನೆಯ ಧೂಳು ಅದರ ಮೇಲೆ ಕೂತೇ ಇರುತ್ತದೆ.

ನೀನು ಆ ಕಲ್ಲು ತಂದ ದಿನ ನೆನಪಿದೆ. ಕಂಪ್ಯೂಟರ್ ರಿಪೇರಿ ಅಂಗಡಿಗೆ ನೆಲಕ್ಕೆ ಹಾಸುವ ಫರಶಿ ಯಾಕೆ ಎಂದು ನಾನು ಕೇಳಿದ್ದೆ. "ಪೇಪರ್‌ದಾಗ ಬಂದ ಸುದ್ದಿ ಪೇಪರ್‌ದಾಗೇ ಸಾಯ್ತದ. ಇಲ್ಲಿ ಬರದ್ರ ಮಂದಿ ನಿಂತು ಬೈತಾರ" ಎಂದೆ ನೀನು. ನಿನ್ನ ಅಕ್ಷರ ಯಾರಿಗೂ ತಿಳಿಯದು. ಹಾಗಾಗಿ ನೀನು ಹೇಳುತ್ತಿದ್ದೆ, ನಾನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ. ಮೇಲೆ ಕಂಪ್ಯೂಟರ್, ಇಂಟರ್‌ನೆಟ್ಟಿನ ಒಂದು ಸುದ್ದಿ. ಕೆಳಗೆ ನಿನ್ನ ಅಭಿಪ್ರಾಯ, ನಿನ್ನ ಹೆಸರು. ಮಡಚುವ ಫೋನ್ ಬಂದಾಗ, "ಮಡಚೋದು ಧೋತ್ರ, ಫೋನಲ್ಲ." ಹಳೆಯ ಕಂಪ್ಯೂಟರ್‌ಗಳಿಗೆ ಇನ್ನು ಅಪ್‌ಡೇಟ್ ಇಲ್ಲ ಎಂಬ ಸುದ್ದಿಗೆ, "ಚಲೋ ಓಡೋ ಮಷೀನ್ ಕಸಕ್ಕ ಹಾಕ್ರಿ ಅನ್ನೋರ ತಲೀಗಿ ಮೊದಲ ಅಪ್‌ಡೇಟ್ ಬೇಕು."

ಒಪ್ಪದವರು ಅದರ ಕೆಳಗೆ ಬರೆಯಬೇಕು, ಬರೆದವರಿಗೆ ಚಹಾ. ಒಪ್ಪಿದವರಿಗೆ ಏನೂ ಇಲ್ಲ. ಚಿತ್ತಾಪುರ, ಸೇಡಂ ಕಡೆಯಿಂದ ರಿಪೇರಿಗೆ ಬಂದವರೂ ಜಗಳವಾಡಿ ಚಹಾ ಕುಡಿದು ಹೋಗುತ್ತಿದ್ದರು. ಎದುರಿನ ಪಂಕ್ಚರ್ ಅಂಗಡಿಯ ಚಾಚಾ ಅಂತೂ ದಿನಾ.

"ಖರೇ ಹೇಳ್ರಿ ಚಾಚಾ, ಸಿಟ್ಟಿಗಿ ಬಂದೀರೋ, ಚಹಾಕ್ಕ ಬಂದೀರೋ?" ಎಂದು ನೀನು ಕೆಣಕುತ್ತಿದ್ದೆ.

"ಸಿಟ್ಟಿಗೇ ಬಂದೀನಿ. ಸಕ್ರಿ ಜಾಸ್ತಿ ಹಾಕು."

ಕಲಬುರಗಿಯ ಆಸ್ಪತ್ರೆಯಿಂದ ನೀನು ಫೋನ್ ಮಾಡಿದ ಆ ಬೆಳಿಗ್ಗೆ... ಸುದ್ದಿ ಹೇಳಿದೆ ನೀನು, ಅಭಿಪ್ರಾಯಕ್ಕೆ ಬರುವಷ್ಟರಲ್ಲಿ ಉಸಿರು ಸಾಲಲಿಲ್ಲ. "ಇವತ್ತ ನೀನೇ ಬರಿ. ನಿನಗೇನು ಅನಸ್ತದ, ಅದು." ನನಗೇನು ಅನ್ನಿಸುತ್ತದೆ? ಪಿಯುಸಿ ಅರ್ಧಕ್ಕೆ ಬಿಟ್ಟವಳು ನಾನು. ಇಷ್ಟು ವರ್ಷ ನಿನ್ನ ಮಾತಿಗೆ ಅಕ್ಷರ ಕೊಟ್ಟವಳು, ಅಷ್ಟೆ. ಹೆದರಿ ಮೊಬೈಲ್‌ನ ಎಐಯನ್ನು ಕೇಳಿದೆ. ಅದು ಚೊಕ್ಕ ಕನ್ನಡದಲ್ಲಿ ಎರಡು ಸಾಲು ಕೊಟ್ಟಿತು. ಅದನ್ನೇ ಕಲ್ಲಿನ ಮೇಲೆ ಇಳಿಸಿ, ಕೆಳಗೆ ನಿನ್ನ ಹೆಸರು ಹಾಕಿದೆ.

ಸಂಜೆ ನೀನು ಮತ್ತೆ ಫೋನ್ ಮಾಡಿ, "ಯಾರರ ಜಗಳಕ್ಕ ಬಂದಿದ್ರೇನು?" ಎಂದು ಕೇಳಿದೆ. ಯಾರೂ ಬಂದಿರಲಿಲ್ಲ. "ಚಾಚಾ ಬಂದಿದ್ರು, ಭಾಳ ಒದರಾಡಿದ್ರು" ಎಂದುಬಿಟ್ಟೆ ನಾನು. ನೀನು ನಕ್ಕೆ. ನಿನ್ನ ಕೊನೆಯ ನಗು ಅದು. ಅದೂ ನನ್ನ ಸುಳ್ಳಿಗೆ...

ನೀನು ಹೋದ ಮೇಲೂ ಹಾಗೆಯೇ ನಡೆಸಿದೆ. ಯಾವ ಸುದ್ದಿ ಕೊಟ್ಟರೂ ಎಐ ಸುತ್ತಿ ಬಳಸಿ ಒಂದೇ ಮಾತು ಹೇಳುತ್ತದೆ: ಇದರಿಂದ ಅನುಕೂಲವೂ ಇದೆ, ಅನನುಕೂಲವೂ ಇದೆ, ಎಚ್ಚರಿಕೆಯಿಂದ ಬಳಸಬೇಕು. ಅದರ ಕೆಳಗೂ ನಿನ್ನದೇ ಹೆಸರು. ಜನ ಓದಿ, ತಲೆಯಾಡಿಸಿ, ಮುಂದೆ ಹೋಗುತ್ತಿದ್ದರು. ಫ್ಲಾಸ್ಕಿನ ಚಹಾವನ್ನು ಸಂಜೆ ಮೋರಿಗೆ ಸುರಿಯುತ್ತಿದ್ದೆ. ಸುರಿಯುವಾಗೆಲ್ಲ ನಿನ್ನ ಮುಖ. ಸಾವಿಗಿಂತ ಹೆಚ್ಚಾಗಿ ನಾನೇ ನಿನ್ನನ್ನು ಅಳಿಸಿಹಾಕುತ್ತಿದ್ದೆನೇನೋ?

ಮೊನ್ನೆ ಚಾಚಾ ಕಲ್ಲಿನ ಮುಂದೆ ಬಹಳ ಹೊತ್ತು ನಿಂತಿದ್ದರು. "ಮೊದಲ ಈ ಕಲ್ಲು ಬೈತಿತ್ತು, ಬೇಟಿ. ಈಗ ಬಂದೋರಿಗೆಲ್ಲ ಸಲಾಂ ಹೊಡೀಲಿಕತ್ತದ. ಅಂವ ಹಿಂಗ ಮಾತಾಡೋ ಮನಶ್ಯಾನೇ ಅಲ್ಲ" ಎಂದರು. ನಾನು ಅವರಿಗೆ ಚಹಾ ಕೊಡಲಿಲ್ಲ. ಅವರು ಜಗಳವಾಡಿರಲಿಲ್ಲವಲ್ಲ.

ಇವತ್ತಿನ ಸುದ್ದಿ ಕೇಳು. ಇಂಟರ್‌ನೆಟ್ಟಿನಲ್ಲಿ ಏನು ಹುಡುಕಿದರೂ ಈಗ ಮೊದಲು ಎಐ ಬರೆದ ಉತ್ತರವೇ ಬರುತ್ತದೆ. ಆ ವಿಷಯ ಮೊದಲು ಬರೆದವರ ಪುಟ ತೆರೆದು ನೋಡುವವರು ಕಡಿಮೆಯಾಗುತ್ತಿದ್ದಾರಂತೆ. ಮೊಬೈಲನ್ನು ಡ್ರಾದೊಳಗೆ ಇಟ್ಟು, ಸೀಮೆಸುಣ್ಣ ಹಿಡಿದು ನಿಂತೆ. ಕೊನೆಗೆ ಬರೆದೆ: "ಹೇಳಿದವರು ಯಾರು ಅಂತ ಗೊತ್ತಾಗದಿದ್ದರೆ ಜಗಳ ಯಾರ ಜೊತೆ ಆಡೋದು? ನನಗಿದು ಬೇಡ." ಕೆಳಗೆ ನಿನ್ನ ಹೆಸರು ಹಾಕಲಿಲ್ಲ. ಸುಜಾತಾ ಎಂದು ಹಾಕಿದೆ.

ಚಾಚಾ ಕೈಯ ಕರಿ ಒರೆಸಿಕೊಳ್ಳುತ್ತ ರಸ್ತೆ ದಾಟಿ ಬಂದರು. ಓದಿದರು. ಹೆಸರನ್ನೂ ಓದಿದರು.

"ಪೂರಾ ಗಲತ್! ನನಗ ಜವಾಬು ಬೇಕು. ಹೇಳ್ದವ್ರ ಹೆಸರು ತೊಗೊಂಡು ಟೈರಿಗಿ ಹಚ್ಲೇನು? ಖಡು ಕೊಡು ಇಲ್ಲಿ."

ಸೀಮೆಸುಣ್ಣ ಕೊಟ್ಟೆ. "ಸಿಟ್ಟಿಗಿ ಬಂದೀರೋ ಚಾಚಾ, ಚಹಾಕ್ಕ..." ಎನ್ನುತ್ತ ಫ್ಲಾಸ್ಕಿಗೆ ಕೈ ಹಾಕಿದೆ.

"ಸಕ್ರಿ ಜಾಸ್ತಿ ಹಾಕು" ಎಂದರು ಅವರು, ಈ ಕಡೆ ತಿರುಗದೆ.

ಚಹಾ ಕೊಟ್ಟು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಅವತ್ತು ನಾನು ಹೇಳಿದ್ದು ಸುಳ್ಳು, ಅಣ್ಣಾ. ಇವತ್ತು ಮತ್ತೊಮ್ಮೆ ಕೇಳು. ಚಾಚಾ ಬಂದಿದ್ದಾರೆ. ಭಾಳ ಒದರಾಡುತ್ತಿದ್ದಾರೆ.