ಹಿತ್ತಲ ಮಣ್ಣಿನಲ್ಲಿ ಸಿಕ್ಕ ಎಣ್ಣೆ

ಅಕ್ಕಾ,
ನೆಗಡಿ ಬಿಟ್ಟರೆ ಆರಾಮಾಗಿದ್ದೇನೆ. ನೀನು ಬಾಟಲಿಗೆ ತುಂಬಿಕೊಟ್ಟ ಹಿತ್ತಲ ಮಣ್ಣನ್ನು ಇಂದು ಪರೀಕ್ಷಿಸಿದೆ. ನಮ್ಮ ಲ್ಯಾಬಿನ ಯಂತ್ರ ಚಿಟಿಕೆ ಮಣ್ಣಿನ ಮೇಲೆ ಕಣ್ಣಿಗೆ ಕಾಣದ ಅವಗೆಂಪು ಬೆಳಕು ಬಿಟ್ಟು, ಅದು ಹೀರಿದ್ದೆಷ್ಟು ಎಂದು ಗೆರೆ ಎಳೆಯುತ್ತದೆ. ಗೆರೆಯಲ್ಲಿ ಜೇಡಿಗೊಂದು ಗುಡ್ಡ, ಸುಣ್ಣಕ್ಕೊಂದು, ಎಣ್ಣೆಗೆ ಬೇರೆಯೇ. ನಿನ್ನ ಮಣ್ಣಿನಲ್ಲಿ ಎಣ್ಣೆಯ ಗುಡ್ಡ ಎದ್ದು ನಿಂತಿತು. ಹಿತ್ತಲಿಗೆ ಹಳೇ ಇಂಜಿನ್ ಆಯಿಲ್ ಸುರಿಯುತ್ತಾನೆಂದು ಆರು ತಿಂಗಳಿಂದ ನೀನು ಬಯ್ಯುತ್ತಿರುವ ಪಕ್ಕದ ಗ್ಯಾರೇಜಿನವನು ಕೊನೆಗೂ ಸಿಕ್ಕಿಬಿದ್ದ ಎಂದು ಹಿಗ್ಗಿದೆ.

ನಮ್ಮ ಮೇಡಂ ಗೆರೆಯ ಮೇಲೆ ಬೆರಳಿಟ್ಟರು. "ಇಂಜಿನ್ ಆಯಿಲ್‌ಗೆ ಈ ಗುಡ್ಡ ಬರಲ್ಲಮ್ಮ. ಇದು ತಲೆಗೆ ಹಚ್ಕೊಳ್ಳೋ ಎಣ್ಣೆ. ಯಾವ ಬಾಟ್ಲೀಲಿ ತಂದೆ?"

ಬಾಟಲಿ ಮೂಸಿದೆ. ನಿನ್ನ ಜಡೆಯದೇ ವಾಸನೆ.

ತೊಳೆದು ಒಣಗಿಸಿದ ಡಬ್ಬಿಯಲ್ಲಿ ಇನ್ನೊಮ್ಮೆ ಮಣ್ಣು ಕಳಿಸು. ಅಲ್ಲಿಯವರೆಗೆ ಹಿತ್ತಲ ಸೊಪ್ಪು ತಿನ್ನಬೇಡ, ಗ್ಯಾರೇಜಿನವನನ್ನು ಬಯ್ಯಲೂ ಬೇಡ.

ಕಾಗದದಲ್ಲಿ ಜಾಗ ಮುಗಿಯಿತು.
ನಿನ್ನ ತಂಗಿ