ನೋಡದೆ ಕೊಂಡ ಮನೆ

ಚಾಟ್ಸ್‌ವುಡ್, ಸಿಡ್ನಿ
ಆಗಸ್ಟ್ 2017

ಪ್ರೀತಿಯ ಭಾಗೀರಥಿ,

ನಮ್ಮ ಮನೆ ಮಾರಾಟವಾಗುತ್ತಿದೆ. ಇದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ಮೆಲ್ಬರ್ನಿನಲ್ಲಿ ಓದುವಾಗ ಒಂದೇ ಕೋಣೆಯಲ್ಲಿದ್ದವರು ನಾವು. ಈ ದೇಶದಲ್ಲಿ ಕಾಯಂ ನೆಲೆಸಲು ಪಿಆರ್ ಸಿಕ್ಕ ಮೇಲೆ ನಾನು ಸಿಡ್ನಿಗೆ ಬಂದೆ, ನೀನು ಮೆಲ್ಬರ್ನಿನ ಹತ್ತಿರ ವೆರಿಬೀಯಲ್ಲೇ ಉಳಿದೆ. 2012ರಲ್ಲಿ ಒಂದು ದಿನ ನೀನು ಫೋನ್ ಮಾಡಿ, "ನೀಲಾ, ಸಿಡ್ನ್ಯಾಗ ಮನಿ ತಗೊಳ್ಳೂದು ನಮ್ಮ ಕೈಲಿ ಆಗೂದಿಲ್ಲ. ಉತ್ತರದಾಗ ಸಣ್ಣ ಊರು ನೋಡೋಣ, ರೆಂಟೇ ಸಾಲದ ಕಂತು ಕಟ್ತೈತಿ" ಅಂದೆ. ಕ್ವೀನ್ಸ್‌ಲ್ಯಾಂಡಿನ ಒಂದು ಗಣಿ ಊರಿನಲ್ಲಿ, ಬರೀ ಫೋಟೊ ನೋಡಿ, ಇಬ್ಬರ ಹೆಸರಿನಲ್ಲಿ ಕೊಂಡೆವು. ಮರುವರ್ಷವೇ ಗಣಿಯಲ್ಲಿ ಕೆಲಸಗಳು ಹೋದವು, ಬಾಡಿಗೆಯವರೂ ಹೋದರು. ಹನ್ನೊಂದು ತಿಂಗಳು ಮನೆ ಖಾಲಿ. ಆಗ ನಾನು ಬಸುರಿ. ಹೆದರಿಕೆಯಲ್ಲಿ, "ನಿನ್ನ ಮಾತ ಕೇಳಿ ಹಾಳಾದೆ ನಾ" ಎಂದುಬಿಟ್ಟೆ. ನೀನು ಫೋನ್ ಇಟ್ಟುಬಿಟ್ಟೆ. ಆಮೇಲೆ ನಮ್ಮ ನಡುವೆ ಇದ್ದದ್ದು ಮನೆ ನೋಡಿಕೊಳ್ಳುವ ಏಜೆಂಟನ ಈಮೇಲ್‌ಗಳು ಮಾತ್ರ.

ಕಳೆದ ವಾರ ಮೊದಲ ಸಲ ಅಲ್ಲಿಗೆ ಹೋದೆ. ಈಮೇಲ್‌ನಲ್ಲಿ ಇಬ್ಬರೂ ಒಪ್ಪಿದಂತೆ ಮನೆ ಮಾರುತ್ತೇವೆಂದು ಬಾಡಿಗೆಯವರಿಗೆ ಎದುರೇ ಹೇಳಬೇಕೆನಿಸಿತ್ತು. ಬಾಗಿಲು ತೆರೆದವಳು ಕ್ಯಾರಲ್, ಆ ಊರಿನ ಆಸ್ಪತ್ರೆಯ ನರ್ಸ್, ಮಂಗಳೂರಿನವಳು. ನನ್ನ ಹೆಸರು ಕೇಳುತ್ತಲೇ ಕನ್ನಡದಲ್ಲಿ ಒಳಗೆ ಕರೆದಳು. ಅಡುಗೆಮನೆಯ ಗೋಡೆ ಎಷ್ಟು ಚೆನ್ನಾಗಿದೆ ಎಂದೆ.

"ಅದು ನಿಮ್ಮ ಫ್ರೆಂಡೇ ಪೇಂಟ್ ಮಾಡಿದ್ದಲ್ವಾ! ಒಂದು ವಾರ ರಜೆ ಹಾಕಿ ಬಂದಿದ್ರು. ನಾನು ಮನೆ ನೋಡ್ಲಿಕ್ಕೆ ಬಂದಾಗ ಅವರ ಮೈಕೈ ಎಲ್ಲ ಬಣ್ಣ. ಮನೆ ಖಾಲಿ ಉಂಟು ಅಂತ ಹಾಸ್ಪಿಟಲ್‌ನಲ್ಲಿ ಚೀಟಿ ಅಂಟಿಸಿದ್ದು ಕೂಡ ಅವರೇ. ನಿಮಗೆ ಹೇಳ್ಲಿಲ್ವಾ?"

ಹೇಳಲು ನಾನೆಲ್ಲಿ ಬಿಟ್ಟಿದ್ದೆ, ಭಾಗೀರಥಿ? ಮುಳುಗಿದವಳು ನಾನೊಬ್ಬಳೇ ಅಂದುಕೊಂಡು ನಾಲ್ಕು ವರ್ಷ ಕಳೆದೆ. ಪರಿಚಯವಿಲ್ಲದವಳ ಮುಂದೆ ಅತ್ತುಬಿಟ್ಟೆ. ಪಾಪ, ಅವಳು ಗಾಬರಿಯಾಗಿ ನೀರು ತಂದುಕೊಟ್ಟಳು. ಮಾರುವ ವಿಷಯ ಹೇಗೋ ಹೇಳಿ ಮುಗಿಸಿದೆ. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. "ಮಾರುದಾದ್ರೆ ನಮಗೇ ಕೊಡಿ. ಮಕ್ಕಳ ಸ್ಕೂಲ್ ಇಲ್ಲೇ, ನಾವು ಎಲ್ಲಿಗೂ ಹೋಗುದಿಲ್ಲ."

ಲಾಭವಿಲ್ಲ, ಆದರೆ ಬ್ಯಾಂಕಿನ ಸಾಲ ತೀರುತ್ತದೆ. ವಾಪಸು ಬರುವಾಗ ವಿಮಾನದಲ್ಲಿ ಎಂಥ ನಿದ್ದೆ ಬಂತೆಂದರೆ, ಸಿಡ್ನಿ ಬಂದಾಗ ಪಕ್ಕದವರು ಎಬ್ಬಿಸಬೇಕಾಯಿತು.

ಕಾಗದಗಳಿಗೆ ನಿನ್ನ ಸಹಿಯೂ ಬೇಕು. ಪೋಸ್ಟ್ ಮಾಡುತ್ತೇನೆಂದ ಏಜೆಂಟನಿಗೆ ಬೇಡ ಎಂದೆ. ಶನಿವಾರ ನಾನೇ ತರುತ್ತೇನೆ, ಮಗಳು ಚಿನ್ಮಯಿಯ ಜೊತೆ. ನೀನು ಅವಳನ್ನು ಇನ್ನೂ ನೋಡಿಯೇ ಇಲ್ಲ. ನೀನು ಬೈದರೆ ಅವಳಿಗೆ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಕೊಡುತ್ತಾಳೆ. ಆದರೂ ಬೈಯಿ, ಕೇಳಿಸಿಕೊಳ್ಳಲೆಂದೇ ಬರುತ್ತಿದ್ದೇನೆ.

ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ,
ನೀಲಾಂಬಿಕಾ