ಉಲ್ಲೇಖ: ನಿನ್ನೆಯ ಕನಸು

ಹೆಣ್ಣುಮಕ್ಕಳ ಹಾಸ್ಟೆಲ್, ಬೆಳಗಾವಿ
ಸೋಮವಾರ, 24 ನವೆಂಬರ್ 2025

ಪ್ರೀತಿಯ ದೊಡ್ಡವ್ವನಿಗೆ ನಿನ್ನ ಮಿತ್ರಿಯ ಜೈಭೀಮ್.

ಮೊದಲು ಕ್ಷಮಿಸು. ಪತ್ರ ಬರೆಯುತ್ತಿರುವುದಕ್ಕೇ ಸಾರಿ. ಫೋನಿರುವಾಗ ಕಾಗದ ಬರೆಯುವವರು ಒಂದೋ ಸರ್ಕಾರದವರು, ಇಲ್ಲವೇ ತಪ್ಪು ಮಾಡಿದವರು ಎಂದು ನೀನೇ ಒಮ್ಮೆ ಹೇಳಿದ್ದೆ. ನಾನು ಸರ್ಕಾರದವಳಲ್ಲ. ಫೋನಿನಲ್ಲಿ ನಿನ್ನ ಧ್ವನಿ ಕೇಳಿದ ಕೂಡಲೇ ನನ್ನ ಬಾಯಿಂದ ಸುಳ್ಳು ತಾನಾಗಿ ಹೊರಬೀಳುತ್ತದೆ, ಅದೂ ನಗುನಗುತ್ತಾ. ಕಾಗದದ ಮೇಲೆ ಅಷ್ಟು ಬೇಗ ಸುಳ್ಳು ಬರುವುದಿಲ್ಲ, ಯಾಕೆಂದರೆ ನನ್ನ ಕನ್ನಡವೇ ಅಷ್ಟು ಬೇಗ ಬರುವುದಿಲ್ಲ. ಒತ್ತಕ್ಷರ ತಪ್ಪಿದ್ದರೆ ಕೆಂಪು ಪೆನ್ನು ತೆಗೆಯಬೇಡ. ಆರನೇ ಇಯತ್ತೆಯಿಂದ ಇಂಗ್ಲಿಷ್ ಸಾಲಿಯ ಹಾಸ್ಟೆಲ್ಲಿನ ಅನ್ನ ತಿಂದವಳು ನಾನು.

ಲಕ್ಕವ್ವ ಆಯಿ ಡಿಸೆಂಬರ್ ಏಳಕ್ಕೆ ಹುಕ್ಕೇರಿಯ ಮಗಳ ಮನೆಗೆ ಹೋಗುತ್ತಾಳೆ, ಇನ್ನು ಅಲ್ಲೇ ಇರುತ್ತಾಳೆ, ಹೋಗುವುದರೊಳಗೆ ಅವಳ ಕನಸುಗಳನ್ನೆಲ್ಲ ಪ್ರಿಂಟ್ ತೆಗೆದು, ದಾರ ಹಾಕಿ ಹೊಲಿದು ಕೈಗೆ ಕೊಡಬೇಕು ಎಂದು ನೀನು ಹೋದ ವಾರ ಫೋನಿನಲ್ಲಿ ಹೇಳಿದೆಯಲ್ಲ. ನಾನು 'ಆತ್ ದೊಡ್ಡವ್ವ, ನೋಡೂಣಂತ' ಅಂದೆ. ಆ 'ನೋಡೂಣಂತ'ದ ಹಿಂದೆ ಏನಿತ್ತು ಎಂಬುದೇ ಈ ಪತ್ರ. ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತೇನೆ. ಹಾಗೆ ಬರೆದರೆ ಎಲ್ಲಿ ಕೆಟ್ಟಿತೋ ಅದು ತಾನೇ ಕಾಣುತ್ತದೆ ಎಂದು ನಮ್ಮ ಲ್ಯಾಬಿನ ಶೋಭಾ ಮ್ಯಾಡಮ್ ಹೇಳುತ್ತಾರೆ.

ಕಣ್ಣು ಮುಚ್ಚಿದರೆ ಮೂಡಲಗಿಯ ನಿನ್ನ ಪಡಸಾಲೆ ಕಾಣುತ್ತದೆ. ಬೆಳಕು ಇನ್ನೂ ಹಾಲಿನ ಹಾಗೆ ತೆಳ್ಳಗೆ. ಹೊರಗೆ ಕಬ್ಬಿನ ಟ್ರ್ಯಾಕ್ಟರ್ ಹಾಡು ಹಚ್ಚಿಕೊಂಡು ಹೋಗುತ್ತದೆ, ಅದರ ಹಿಂದೆ ಹಸಿ ಕಬ್ಬಿನ ವಾಸನೆ ಒಂದಿಷ್ಟು ದೂರ ನಡೆದುಕೊಂಡು ಬರುತ್ತದೆ. ಎದುರು ಮನೆಯಿಂದ ಲಕ್ಕವ್ವ ಆಯಿ ಸೆರಗು ಹೊದ್ದು ಬರುತ್ತಾಳೆ. ಯಲ್ಲಾರಿ ಕಾಕಾ ಮಫ್ಲರ್ ಸುತ್ತಿಕೊಂಡು ಬರುತ್ತಾನೆ. ಯಾರೂ ಚಹಾ ಕುಡಿದಿರುವುದಿಲ್ಲ. 'ಚಾ ಹೊಟ್ಟಿಗೆ ಬಿತ್ತಂದ್ರ ಕನಸು ಕರಗತೈತಿ' ಎಂಬುದು ಆಯಿ ಹಾಕಿದ ಕಾಯಿದೆ. ನೀನು ಹುಕ್ಕೇರಿಯ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕೂತ ಹಾಗೆಯೇ ಬೆನ್ನು ನೆಟ್ಟಗೆ ಮಾಡಿ, ಕಂಪ್ಯೂಟರಿನ ಕೀಲಿಗಳ ಮೇಲೆ ಬೆರಳಿಟ್ಟು, 'ಹೇಳ್ರಿ' ಅನ್ನುತ್ತೀ.

ಅವರು ಕನಸು ಹೇಳುತ್ತಾರೆ, ನೀನು ಟೈಪ್ ಮಾಡುತ್ತೀ. ಬೇರೆ ರೀತಿ ಬರೆಯಲು ನಿನ್ನ ಬೆರಳಿಗೆ ಗೊತ್ತಿಲ್ಲವಾದ್ದರಿಂದ ಎಲ್ಲ ಕನಸೂ ಕಚೇರಿ ಪತ್ರ. ವಿಷಯ: ಗೋಕಾಕದ ತೂಗುಸೇತುವೆಯ ಮೇಲೆ ಹತ್ತಿ ಸುರಿದ ಬಗ್ಗೆ. ಉಲ್ಲೇಖ: ನಿನ್ನೆಯ ಕನಸು. 'ಸದರಿ ಲಕ್ಕವ್ವ ಇವರು ಸೇತುವೆಯ ಮಧ್ಯಭಾಗದಲ್ಲಿ ನಿಂತಿದ್ದು, ಆಕಾಶದಿಂದ ಬೀಳುತ್ತಿದ್ದ ಹತ್ತಿಯನ್ನು ಉಡಿಯಲ್ಲಿ ತುಂಬಿಕೊಂಡಿರುತ್ತಾರೆ. ಉಡಿ ಭಾರವಾಗಿರುವುದಿಲ್ಲ.' ಆಯಿ ಪ್ರಾಯದಲ್ಲಿ ಮಿಲ್ಲಿನಲ್ಲಿ ನೂಲು ತೆಗೆದವಳು, ಅವಳ ಕನಸಿನಲ್ಲಿ ಹತ್ತಿ ಇಲ್ಲದ ದಿನವೇ ಇಲ್ಲ. ಘಟಪ್ರಭಾ ಸ್ಟೇಷನ್ನಿನಲ್ಲಿ ಹಳಿ ಬದಲಿಸುತ್ತಿದ್ದ ಕಾಕಾನ ಕನಸಿನಲ್ಲಿ ಒಂದು ಗಾಡಿ ಹಳಿಯೇ ಇಲ್ಲದೆ ಕಬ್ಬಿನ ಹೊಲದೊಳಗೆ ಬಂದು, ಒಂದು ಸೂಲಂಗಿ ತೆನೆಯೂ ಅಲುಗದ ಹಾಗೆ ನಿಂತಿತ್ತು. ಅದರ ಕೆಳಗೂ ನೀನು 'ತಮ್ಮ ಮಾಹಿತಿಗಾಗಿ' ಎಂದು ಹಾಕಿದ್ದೆ.

ನಿನ್ನ ಕನಸು ಯಾವುದು ಎಂದು ನಾನೊಮ್ಮೆ ಕೇಳಿದ್ದೆ. 'ನನಗ ಕನಸ ಬೀಳೂದಿಲ್ಲ ತಂಗಿ. ನಾ ಟೈಪಿಸ್ಟ್. ಹೇಳಾವ್ರು ಬ್ಯಾರೆ, ಬಡಿಯಾವ್ರು ಬ್ಯಾರೆ' ಅಂದಿದ್ದೆ. ನಾನು ನಂಬಿದ್ದೆ. ನನ್ನನ್ನು ಗೋಕಾಕದ ಹಾಸ್ಟೆಲ್ಲಿಗೆ ಸೇರಿಸಿದ ದಿನ ನೀನು ಮೂರು ಕಡೆ ಸಹಿ ಮಾಡಿ, ಟ್ರಂಕಿನ ಕೀಲಿ ನನ್ನ ಕೈಗಿಟ್ಟು, ತಿರುಗಿ ನೋಡದೆ ಬಸ್ ಹತ್ತಿದ್ದನ್ನು ನೋಡಿದವಳು ನಾನು. ಇಂಥವಳಿಗೆ ಕನಸು ಬೀಳಲಿಕ್ಕಿಲ್ಲ ಎಂದುಕೊಂಡಿದ್ದೆ.

ಈ ಸಲ ದೀಪಾವಳಿಗೆ ಬಂದಾಗ ನಿನ್ನ ಕಂಪ್ಯೂಟರ್ ದಿನಾ ಒಂದು ಚೀಟಿ ತೋರಿಸುತ್ತಿತ್ತು, ಇಂಗ್ಲಿಷಿನಲ್ಲಿ. ಈ ಸಿಸ್ಟಮಿನ ಕಾಲ ಮುಗಿಯಿತು, ಇನ್ನು ಮುಂದೆ ಇದಕ್ಕೆ ರಕ್ಷಣೆ ಇಲ್ಲ ಅಂತ. ನಾನು ಅರ್ಥ ಹೇಳಿದಾಗ ಕಾಕಾ, 'ನಾ ರಿಟೈರ್ ಆದಾಗ ನನಗೂ ಹಿಂಗ ಒಂದ್ ಚೀಟಿ ಕೊಟ್ಟಿದ್ರು, ನಾ ಇನ್ನೂ ಓಡಾಕತ್ತೇನಿ' ಅಂದ. ಅಲ್ಲಿಗೇ ಬಿಡಬಹುದಿತ್ತು. ಆದರೆ ದೊಡ್ಡವ್ವ, ಇಲ್ಲಿ ಕ್ಲಾಸಿನಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಕೇಳಿದರೆ ನನಗೆ ಅಂಗೈ ಬೆವರುತ್ತದೆ. ನಿನ್ನ ಪಡಸಾಲೆಯಲ್ಲಿ ಮೂವರು ಹಿರಿಯರು ನನ್ನ ಮುಖ ನೋಡುತ್ತಾ, 'ನೀನ ನೋಡವಾ, ನೀ ಕಲ್ತಾಕಿ' ಅಂದಾಗ ನಾನು ಬಿ.ಸಿ.ಎ.ಗೆ ಸೇರಿ ಮೂರೇ ತಿಂಗಳಾಗಿದೆ ಎಂಬುದು ಮರೆತೇ ಹೋಯಿತು. ಹಳೆ ಮಷೀನಿನಲ್ಲೂ ಓಡುವ ಹೊಸ ಸಿಸ್ಟಮ್ ಹಾಸ್ಟೆಲ್ಲಿನ ಸೀನಿಯರ್ ಒಬ್ಬಳು ಕೊಟ್ಟಿದ್ದಳು. ಹಾಕಿಬಿಟ್ಟೆ.

ಆಮೇಲಿನ ಎರಡು ದಿನ ನೆನಪಾದರೆ ಈಗಲೂ ನಗು ಬರುತ್ತದೆ, ನಗುವ ಹಕ್ಕು ನನಗಿಲ್ಲದಿದ್ದರೂ. ಸ್ಕ್ರೀನಿನ ಎಡಗಡೆ ಮೂಲೆಯಲ್ಲಿದ್ದ ಸ್ಟಾರ್ಟ್ ಗುಂಡಿ ನಡುವೆ ಬಂದು ಕೂತಿತ್ತು. 'ಹೊಸ ಸೊಸಿ ಬಂದು ಅಡಗಿಮನ್ಯಾಗಿನ ಡಬ್ಬಿ ಎಲ್ಲಾ ಸರಿಸಿ ಇಟ್ಟಂಗ ಆತಲ್ಲ ಬೇ' ಎಂದು ಆಯಿ ಅಂದಳು. 'ಉಪ್ಪು ಹುಡುಕಿದ್ರ ಸಕ್ರಿ ಸಿಗತೈತಿ.' ಕಾಕಾ ಮೌಸನ್ನು ಮೇಜಿನ ಅಂಚಿನವರೆಗೆ ನೂಕಿ, 'ಮುಂದ ಹಳಿ ಇಲ್ಲ' ಎಂದು ನಿಲ್ಲಿಸಿದ. ನಿನಗೆ ಮಾತ್ರ ನಗು ಬರಲಿಲ್ಲ. ಕೀಲಿಗಳ ಮೇಲೆ ಕನ್ನಡದ ಅಕ್ಷರಗಳು ಜಾಗ ಬದಲಿಸಿದ್ದವು. ನೀನು ನೋಡದೆ ಟೈಪ್ ಮಾಡುವವಳು. ನಿನ್ನ ಬೆರಳುಗಳು ಬಾಡಿಗೆ ಬಿಟ್ಟ ಮನೆಗೆ ನಿದ್ದೆಗಣ್ಣಿನಲ್ಲಿ ತಿರುಗಿ ಹೋದವರ ಹಾಗೆ ಹಳೆ ಜಾಗಕ್ಕೇ ಹೋಗಿ, ಯಾರದೋ ಬಾಗಿಲು ಬಡಿದು, ಹಿಂದೆ ಬರುತ್ತಿದ್ದವು. ಆದರೂ ನೀನು ಬೇಸರ ಮಾಡಲಿಲ್ಲ. ಸಣ್ಣ ಚೀಟಿಗಳಲ್ಲಿ ಅಕ್ಷರ ಬರೆದು ಕೀಲಿಗಳ ಮೇಲೆ ಅಂಟಿಸಿ, 'ಬೆರಳ ಹೊಸದಾಗಿ ಸಾಲಿಗೆ ಹೋಗಾಕತ್ತಾವು' ಅಂದೆ.

ಮೂರನೇ ದಿನ ಕೇಳಿದೆ: 'ಮಿತ್ರಿ, ಕನಸಿನ ಫೋಲ್ಡರ್ ಎಲ್ಲಿ?'

ಈಗ ಖರೆ ಹೇಳುತ್ತೇನೆ. ಹೊಸ ಸಿಸ್ಟಮ್ ಹಾಕುವ ಮೊದಲು ನಿನ್ನ ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡೆ. ಸರಿಯಾಗಿ ಬಂದಿವೆಯೋ ಎಂದು ನನ್ನ ಲ್ಯಾಪ್‌ಟಾಪಿನಲ್ಲಿ ತೆಗೆದು ನೋಡಿದೆ. ಒಂದು ಫೋಲ್ಡರಿನ ತುಂಬ ಹುಚ್ಚು ಹುಚ್ಚು ಅಕ್ಷರ. ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಟೊಪ್ಪಿಗೆ, ಚುಕ್ಕಿ, ಕೆಳಗೆ ಬಾಲ. ಒಂದಲ್ಲ ಎರಡಲ್ಲ, ಒಂಬೈನೂರಕ್ಕೂ ಹೆಚ್ಚು ಫೈಲು, ಎಲ್ಲವೂ ಹೀಗೇ. ವೈರಸ್ ಎಂದುಕೊಂಡೆ. ನನ್ನ ಲ್ಯಾಪ್‌ಟಾಪಿಗೂ ಹತ್ತೀತು ಎಂದು ಹೆದರಿದೆ. ನೀನು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಒಂದು ಸಲ ಕೂಗಿ ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ, ಯಾಕೆಂದರೆ ನಾನು ಕಲಿತವಳು. ಪೆನ್‌ಡ್ರೈವಿನಿಂದ ಆ ಫೋಲ್ಡರನ್ನೇ ಡಿಲೀಟ್ ಮಾಡಿದೆ. ಆಮೇಲೆ ನಿನ್ನ ಕಂಪ್ಯೂಟರನ್ನು ಪೂರ್ತಿ ಒರೆಸಿ ಹೊಸದನ್ನು ಹಾಕಿದೆ.

ಅವು ಕನಸುಗಳು, ದೊಡ್ಡವ್ವ. ಎಂಟು ವರ್ಷದ ಕನಸುಗಳು.

ನೀನು ಕೇಳಿದಾಗ ನನಗೆ ಅದು ಹೊಳೆಯಿತು. ಆದರೂ ಬಾಯಿ ಏನು ಹೇಳಿತು ನೆನಪಿದೆಯಾ? ಹೊಸ ಸಿಸ್ಟಮ್ ಹಳೆಯದನ್ನು ಒಳಗಿಟ್ಟಿರುತ್ತದೆ, ದಿನಾ ಬೆಳಿಗ್ಗೆ ಕಂಪ್ಯೂಟರ್ ಹಚ್ಚಿ ಸ್ವಲ್ಪ ಹೊತ್ತು ಬಿಡು, ನಿಧಾನವಾಗಿ ತಾನೇ ಹೊರಗೆ ಬರುತ್ತದೆ ಅಂದೆ. ನೀನು ತಲೆ ಆಡಿಸಿದೆ. ಮೂವತ್ತೊಂದು ವರ್ಷ ಫೈಲು ಬರುವುದನ್ನು ಕಾದವಳಿಗೆ ಅದು ಸಹಜವಾಗಿಯೇ ಕಂಡಿರಬೇಕು. ಆಮೇಲೆ ಪ್ರತಿ ಸಲ ಫೋನಿನಲ್ಲಿ, 'ಇನ್ನೂ ಬರವಲ್ದು ತಂಗಿ. ದಿನಾ ಹಚ್ಚಿ ಕುಂದ್ರತೇವಿ ಮೂರೂ ಮಂದಿ' ಅನ್ನುತ್ತಿದ್ದೆ. ಬರದ ಕನಸಿಗಾಗಿ ನೀವು ಮೂವರು ಚಹಾ ಆರಲು ಬಿಟ್ಟು ಆ ನೀಲಿ ಬೆಳಕಿನ ಮುಂದೆ ಕೂತಿರುವುದು ನನಗೆ ಇಲ್ಲಿಂದಲೇ ಕಾಣುತ್ತಿತ್ತು. ಲೆಕ್ಚರ್ ನಡೆಯುವಾಗಲೂ ಕಾಣುತ್ತಿತ್ತು.

ಹೋದ ಗುರುವಾರ ತಡೆಯಲಾರದೆ ಶೋಭಾ ಮ್ಯಾಡಮ್‌ಗೆ ಪೆನ್‌ಡ್ರೈವ್ ತೋರಿಸಿದೆ. ಅಳುತ್ತಾ ತೋರಿಸಿದೆ ಎಂದು ಬರೆಯಬೇಕು, ಬರೆದಿದ್ದೇನೆ. ಅವರು ಏನೋ ಪ್ರೋಗ್ರಾಮ್ ಓಡಿಸಿ ಅಳಿಸಿದ್ದನ್ನು ಹುಡುಕಿದರು. ಅಷ್ಟರಲ್ಲಿ ನಾನು ಅದೇ ಪೆನ್‌ಡ್ರೈವಿಗೆ ಗೆಳತಿಯರ ಸಿನಿಮಾ ತುಂಬಿಕೊಂಡಿದ್ದೆ. ಒಂಬೈನೂರರಲ್ಲಿ ಸಿಕ್ಕಿದ್ದು ಮೂವತ್ತೇಳು, ಅವುಗಳಲ್ಲೂ ಕೆಲವು ಅರ್ಧಂಬರ್ಧ. ಅವೇ ಬಾಲದ ಅಕ್ಷರ. ಮ್ಯಾಡಮ್ ನಕ್ಕರು. 'ಇದು ವೈರಸ್ ಅಲ್ಲವ್ವ, ಇದು ನಮ್ಮ ಹಳೆ ಕನ್ನಡ ಟೈಪಿಂಗ್. ಆ ಫಾಂಟ್ ಇಲ್ಲದ ಮಷೀನಿನಲ್ಲಿ ಹಿಂಗ ಕಾಣಿಸ್ತದ' ಎಂದು ತಮ್ಮ ಹಳೆ ಕಂಪ್ಯೂಟರಿನಿಂದ ಆ ಫಾಂಟ್ ತಂದು ಹಾಕಿದರು. ಕಣ್ಣೆದುರಿಗೇ, ದೊಡ್ಡವ್ವ, ಟೊಪ್ಪಿಗೆ ಉದುರಿದವು, ಬಾಲ ಸುರುಳಿ ಸುತ್ತಿಕೊಂಡವು, ಮಂಜು ಸರಿದ ಮೇಲೆ ಹೊಳೆಯ ಆಚೆ ದಂಡೆ ಕಂಡ ಹಾಗೆ ನಿಧಾನಕ್ಕೆ ನಿನ್ನ ಕನ್ನಡ ಬಂತು. 'ಸದರಿ ಎಮ್ಮೆಯು ಹೊಳೆಯ ನೀರಿನ ಮೇಲೆ ನಡೆದುಕೊಂಡು ಬಂದಿರುತ್ತದೆ.' ಇಡೀ ಲ್ಯಾಬಿನ ನಡುವೆ ನಿಂತು ಓದಿದೆ. ಅಂಗೈ ಬೆವರಲಿಲ್ಲ.

ಆಮೇಲೆ ಮ್ಯಾಡಮ್ ಇನ್ನೊಂದು ಮಾತು ಹೇಳಿದರು. ನಿನ್ನ ಕಂಪ್ಯೂಟರಿನ ಡಿಸ್ಕಿನಲ್ಲಿ ಹೊಸ ಸಿಸ್ಟಮಿನ ಕೆಳಗೆ ಹಳೆಯದರ ಚೂರು ಇನ್ನೂ ಉಳಿದಿರಬಹುದಂತೆ. ಆದರೆ ಹಚ್ಚಿದಷ್ಟೂ ಸಲ ಅದು ಸ್ವಲ್ಪ ಸ್ವಲ್ಪ ಅಳಿಯುತ್ತದಂತೆ. ಅಂದರೆ ನನ್ನ ಸುಳ್ಳು ನಂಬಿ ನೀವು ಬೆಳಿಗ್ಗೆ ಬೆಳಿಗ್ಗೆ ಕಾದದ್ದೇ ಅದನ್ನು ಅಳಿಸುತ್ತಿತ್ತು.

ಕೂಡಲೇ ಕಾಕಾನಿಗೆ ಫೋನ್ ಮಾಡಿ, ಲೈನಿನಲ್ಲಿ ವೋಲ್ಟೇಜ್ ಸರಿಯಿಲ್ಲ, ದೊಡ್ಡವ್ವನ ಕಂಪ್ಯೂಟರಿನ ವಾಯರ್ ಕಿತ್ತಿಡು ಅಂದೆ. ಅದೂ ಸುಳ್ಳೇ. ಕಾಕಾ, 'ಕೆಂಪು ಝಂಡಾ ಕಂಡ್ರ ಗಾಡಿ ನಿಂದ್ರಸ್ಬೇಕ, ಕಾರಣ ಆಮ್ಯಾಲ ಕೇಳ್ಬೇಕ. ಆದ್ರ ಕಾರಣ ಹೇಳಾಕ ನೀ ಭಾಳ ದಿನ ತಗೋಬ್ಯಾಡ' ಅಂದ. ಅವನಿಗೆ ತಿಳಿದಿದೆ ಎಂದು ನನ್ನ ಗುಮಾನಿ. ಈ ಪತ್ರವನ್ನು ಅವನ ಮುಂದೆಯೂ ಓದು. ಲಕ್ಕವ್ವ ಆಯಿಯ ಮುಂದೆ ಓದುವುದು ನಿನಗೆ ಬಿಟ್ಟದ್ದು. 'ನನಗ ಇತ್ತಿತ್ಲಾಗ ನಿನ್ನೆದ ನೆನಪ ಉಳಿಯೂದಿಲ್ಲ, ಕನಸಾದ್ರೂ ಕಾಗದದ ಮ್ಯಾಲ ಇರಲಿ' ಎಂದು ಅವಳು ಅಂದಿದ್ದು ನನ್ನ ಕಿವಿಯಲ್ಲೇ ಇದೆ.

ಡಿಸೆಂಬರ್ ಆರರ ಪರಿನಿರ್ವಾಣ ದಿನಕ್ಕೆ ಹೇಗೂ ಎಲ್ಲರೂ ಬುದ್ಧ ವಿಹಾರದಲ್ಲಿ ಕೂಡುತ್ತೀರಿ. ನಾನು ಐದರ ಸಂಜೆಯೇ ಘಟಪ್ರಭಾದಲ್ಲಿ ಇಳಿದು ಬಸ್ ಹಿಡಿದು ಬರಬೇಕೆಂದಿದ್ದೇನೆ. ಡಿಸ್ಕನ್ನು ಬಿಚ್ಚಿ ಮ್ಯಾಡಮ್ ಹತ್ತಿರ ತರುತ್ತೇನೆ, ಏನಾದರೂ ಸಿಕ್ಕೀತು, ಸಿಗದೆಯೂ ಇದ್ದೀತು. ಸಿಕ್ಕ ಮೂವತ್ತೇಳನ್ನು ಇಲ್ಲೇ ಪ್ರಿಂಟ್ ತೆಗೆಸಿದ್ದೇನೆ, ಅವುಗಳಲ್ಲಿ ಹದಿನೇಳು ಆಯಿಯವು, ಹತ್ತಿ ಸುರಿದದ್ದೂ ಇದೆ. ಆರನೇ ತಾರೀಖು ಬೆಳಿಗ್ಗೆ ಚಹಾಕ್ಕೆ ಮುಂಚೆ ಆಯಿ ತನಗೆ ನೆನಪಿದ್ದಷ್ಟು ಹೇಳಲಿ. ನಾನು ಅವಳ ಕಾಲ ಬಳಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತು ಬಡಿಯುತ್ತೇನೆ, ವಿಷಯ, ಉಲ್ಲೇಖ, ಎಲ್ಲ ಹಾಕಿ. ಹಳೆಯದು ನೆನಪಾಗದಿದ್ದರೆ ಹೊಸದು ಹೇಳಲಿ. ನಾನು ನಿಧಾನ, ತಪ್ಪೂ ಮಾಡುತ್ತೇನೆ. ನೀನು ಬಾಜೂಕ್ಕೆ ಕೂತು ಕೆಂಪು ಪೆನ್ನು ಹಿಡಿ.

ನನ್ನ ಮುಖ ನೋಡುವ ಮನಸ್ಸು ಇಲ್ಲದಿದ್ದರೆ ಅದನ್ನೂ ಬರೆ. ಪ್ರಿಂಟುಗಳನ್ನು ಪೋಸ್ಟಿನಲ್ಲಿ ಕಳಿಸುತ್ತೇನೆ.

ನಿನ್ನ,
ಸಂಘಮಿತ್ರಾ

ತಾ.ಕ.: ಸಿಕ್ಕವುಗಳಲ್ಲಿ ಒಂದು ಆಯಿಯದಲ್ಲ, ಕಾಕಾನದೂ ಅಲ್ಲ. ದಿನಾಂಕ 12-6-2018, ನನ್ನನ್ನು ಹಾಸ್ಟೆಲ್ಲಿಗೆ ಬಿಟ್ಟ ಮರುದಿನ. ವಿಷಯ: ಹುಡುಗಿಯು ಹಾಸ್ಟೆಲ್ಲಿನಿಂದ ತಾನಾಗಿಯೇ ನಡೆದು ಮನೆಗೆ ಬಂದ ಬಗ್ಗೆ. ಕನಸು ಹೇಳಿದವರು: ಟೈಪಿಸ್ಟ್. 'ಸದರಿ ಹುಡುಗಿಯು ತಲೆಯ ಮೇಲೆ ಟ್ರಂಕ್ ಹೊತ್ತಿದ್ದು, ಟ್ರಂಕಿನಿಂದ ನೀರು ಸೋರುತ್ತಿದ್ದು, ಬಾಗಿಲಲ್ಲಿ ನಿಂತು ಈ ಕೆಳಕಂಡಂತೆ ಕೇಳಿರುತ್ತಾಳೆ' ಎಂಬಲ್ಲಿಗೆ ಫೈಲು ತುಂಡಾಗಿದೆ. ಮುಂದಿನದು ನನ್ನ ಸಿನಿಮಾದ ಕೆಳಗೆ ಹೋಗಿದೆ. ನಾನು ಬಾಗಿಲಲ್ಲಿ ನಿಂತು ಏನು ಕೇಳಿದೆ, ದೊಡ್ಡವ್ವ? ನೀನು ಏನು ಹೇಳಿದೆ? ಒಂದು ಕಾರ್ಡಿನಲ್ಲಾದರೂ ಸರಿ, ಬೇಗ ಬರೆ.